ಕೇಸಿನಲ್ಲಿ ಇಲ್ಲದ ಮೊಳೆ

೧

ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿದ್ದರೆ ನಾನು ಇಷ್ಟೊತ್ತಿಗೆ ಕಥೆ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿರುತ್ತಿದ್ದೆ. ಬೆನ್ನುಹುರಿಯೊಳಗಿನ ಒಂದು ನರಕೋಶದಿಂದ ಶುರು ಮಾಡಲೇ? ನೀವು ಪುಟ ತಿರುವಿ ನಗೆಹನಿಯ ಕಡೆ ಹೋಗುತ್ತೀರಿ, ನನಗೆ ಗೊತ್ತು. ನಜಮಾ ಬೆಂಗಳೂರಿನಿಂದ ಬಂದು ಗದಗ ಸ್ಟೇಷನ್ನಿನಲ್ಲಿ ಇಳಿಯುವುದರಿಂದ? ಸ್ಟೇಷನ್ನಿನಲ್ಲಿ ಇಳಿದು ಶುರುವಾಗುವ ಕಥೆಗಳನ್ನು ನಾನೊಬ್ಬನೇ ಹನ್ನೊಂದು ಬರೆದಿದ್ದೇನೆ. ಅವಳ ಅಪ್ಪ ಶೇಖಸಾಬನ ಸಾವಿನಿಂದ?

ಅದನ್ನು ಬರೆದೂ ಆಯಿತು, ಮರ್ಯಾದೆ ಕಳೆದುಕೊಂಡೂ ಆಯಿತು. ಹೇಗೆಂದರೆ: ನಾನು ಮುಂಡರಗಿಯಲ್ಲಿ ಹೈಸ್ಕೂಲು ಮಾಸ್ತರ. ವರ್ಷಕ್ಕೊಮ್ಮೆ ದೀಪಾವಳಿ ವಿಶೇಷಾಂಕಕ್ಕೆ ಕಥೆ ಬರೆಯುವ ಚಟ. ವಿಶೇಷಾಂಕ ಅಚ್ಚಾಗುವುದು ಗದಗಿನ ಅಂದಾನಪ್ಪನ ಪ್ರೆಸ್ಸಿನಲ್ಲಿ. ಅಲ್ಲಿ ಮೂವತ್ತೊಂದು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿರುವವನು ಬೆಟಗೇರಿಯ ಶೇಖಸಾಬ. ಅಂದರೆ ನಾನು ಯಾರ ಕಥೆ ಬರೆಯುತ್ತೇನೋ ಅವನೇ ಅದನ್ನು 'ಕೇಸು' ಎನ್ನುವ ಮರದ ತಟ್ಟೆಯ ಖಾನೆಗಳಿಂದ ಒಂದೊಂದೇ ಅಕ್ಷರ ಹೆಕ್ಕಿ ಕಟ್ಟಬೇಕು. ಪಾತ್ರ ಎದುರಾಡಿದರೆ ಕಾಗದ ಹರಿದು ಹಾಕಬಹುದು. ಪಾತ್ರವೇ ಕಂಪೋಸಿಟರ್ ಆದರೆ ಏನು ಮಾಡುತ್ತೀರಿ?

ಶೇಖಸಾಬ ನನ್ನ ಮೊದಲ ಪುಟ ಓದಿ, ಮಡಿಸಿ, ವಾಪಸ್ಸು ಕೊಟ್ಟ.

"ಮಾಸ್ತರ್ರ, ನನ್ನ ಸಾವು ನಾನ ಕಟ್ಟೂದು ಅಂದ್ರ ಒಂಥರಾ ಆಗ್ತೈತ್ರಿ. ಆ ಕಡೆ ಟೇಬಲ್ಲಿನ ಹೇಮಪ್ಪಗ ಕೊಡ್ರಿ. ಇಲ್ಲಂದ್ರ ನೀವ ಒಂದೀಟು ತಡೀರಿ. ನನಗೇನು ಅವಸರಿಲ್ಲ."

೧ (ಎರಡನೆಯ ಸಲ)

ಸರಿ, ಅವನು ಬದುಕಿದ್ದಾನೆ. ಇಸವಿ ೧೯೮೩. ಮಗಳು ನಜಮಾಗೆ ಇಪ್ಪತ್ತೊಂಬತ್ತು ವರ್ಷ. ನಾನು ಬೆಟಗೇರಿ ಶಾಲೆಯಲ್ಲಿದ್ದಾಗ ಅವಳಿಗೆ ಕನ್ನಡ ಕಲಿಸಿದ್ದೆ. ಅವಳ ಬುದ್ಧಿಗೂ ನನಗೂ ಇರುವ ಸಂಬಂಧ ಅಷ್ಟೇ. ಪಿಎಚ್.ಡಿ. ಮುಗಿಸಿ ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪೋಸ್ಟ್ ಡಾಕ್ಟರಲ್ ಸಂಶೋಧನೆ ಮಾಡುತ್ತಿದ್ದಾಳೆ.

ಈ 'ಪೋಸ್ಟ್ ಡಾಕ್ಟರಲ್' ಎನ್ನುವುದನ್ನು ಬೆಟಗೇರಿಗೆ ತಿಳಿಸಿ ಹೇಳಲು ಅಲ್ಲಾಹನಿಗೂ ಆಗಲಿಲ್ಲ.

"ಡಾಕ್ಟರ್ ಆದ ಮ್ಯಾಲೆ ಮತ್ತೇನು ಕಲೀತಾಳ್ರಿ ನಿಮ್ಮ ಮಗಳು?" ಎಂದು ಅಂದಾನಪ್ಪ ಕೇಳಿದ್ದ. "ಮೊದಲನೇ ಸಲ ಸರಿಯಾಗಿ ಕಲೀಲಿಲ್ಲೇನು?"

ತಾಯಿ ಅಮೀನಬಿಯ ದುಃಖವೇ ಬೇರೆ. "ಓಣಿ ಮಂದಿಗೆಲ್ಲಾ ನನ್ನ ಮಗಳು ಡಾಕ್ಟರ್ ಅಂತ ಹೇಳಿ ಕುಂತೀನಿ. ನನ್ನ ಮೊಣಕಾಲಿಗೆ ಒಂದು ಗುಳಿಗಿ ಕೊಡವಲ್ಲಳಿಕಿ. ಕೇಳಿದ್ರ 'ನಾನು ಬರೇ ನರ ನೋಡತೀನಿ ಅಮ್ಮಾ' ಅಂತಾಳ. ಮೊಣಕಾಲಾಗ ನರ ಇಲ್ಲೇನು?"

(ಮನೆಯಲ್ಲಿ ಅವರು ಮಾತಾಡುವುದು ಉರ್ದು. ನಾನು ಎಲ್ಲವನ್ನೂ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಇದಕ್ಕೆ ಶೇಖಸಾಬನ ಒಪ್ಪಿಗೆ ಕೇಳಿದೆ. "ಬರೀರಿ ಬರೀರಿ, ಹೆಂಗೂ ನಮ್ಮ ಕೇಸಿನ್ಯಾಗ ಉರ್ದು ಮೊಳಿ ಇಲ್ಲ" ಎಂದ.)

೨

ಈಗ ನರಕೋಶ ಬರುತ್ತದೆ. ಓಡಬೇಡಿ, ಎರಡು ನಿಮಿಷ.

ರಜೆಗೆ ಬಂದಿದ್ದ ನಜಮಾ ತಾನು ಸಂಶೋಧನೆ ಮಾಡುತ್ತಿರುವ ರೋಗದ ಬಗ್ಗೆ ಅಪ್ಪನಿಗೆ ಹೇಳಿದ ಹಾಗೆಯೇ ಹೇಳುತ್ತೇನೆ. ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಬೆರಳು ಅಲ್ಲಾಡಬೇಕಾದ್ರ ಬೆನ್ನುಹುರಿಯಾಗಿನ ಒಂದು ಕೋಶ ಹುಕುಂ ಕೊಡಬೇಕು ಅಬ್ಬಾ. ಆ ಕೋಶಕ್ಕ ಉದ್ದಾನ್ನ ಬಾಲ ಇರ್ತೈತಿ, ಬೆರಳತನಾ ಬರ್ತೈತಿ. ಬಾಲಕ್ಕ ಬೇಕಾದ ಸಾಮಾನೆಲ್ಲಾ ಕೋಶದಾಗ ತಯಾರಾಗಿ ಅಲ್ಲಿಂದ ಹೋಗಬೇಕು. ಈ ಜಡ್ಡಿನ್ಯಾಗ ಸಾಮಾನು ಬಾಗಲದಾಗ ಗುಂಪಾಗಿ ನಿಂತ ಬಿಡ್ತೈತಿ. ಕಡೀಕ ಕೋಶಾನ ಸಾಯ್ತೈತಿ. ಕೋಶ ಸತ್ರ ಕೈ ಹೋತು, ಕಾಲು ಹೋತು, ನಾಲಿಗಿ ಹೋತು. ಯಾಕ ನಿಂದರ್ತೈತಿ ಅಂತ ಇಲಿಯೊಳಗ ನೋಡಾಕತ್ತೀನಿ."

ಶೇಖಸಾಬ ಬಸಿಗೆ ಚಹಾ ಸುರುವಿಕೊಂಡು ವಿಚಾರ ಮಾಡಿದ.

"ಅಂದ್ರ ಛಾಪಿಸಿದ ಮ್ಯಾಲೆ ಮೊಳಿ ಬಿಚ್ಚಿ ವಾಪಸ್ ಖಾನೇಕ ಹಾಕಿಲ್ಲ. ಕಟ್ಟಿದ್ದು ಕಟ್ಟಿದಂಗ ಪೇರಿಸಿಟ್ಟಾರ. ಮುಂದಿನ ಕೆಲಸಕ್ಕ ಕೇಸು ಖಾಲಿ."

ನಜಮಾ ಲೋಟ ಕೆಳಗಿಟ್ಟಳು. ಅವಳ ಪ್ರೊಫೆಸರು ಇದನ್ನು ಹೇಳಲು ಹದಿನಾಲ್ಕು ಪುಟ ತೆಗೆದುಕೊಂಡಿದ್ದರು.

"ಹಂಗೂ ಅನಬಹುದು. ಆದ್ರ ಪೇರಿಸಿಟ್ಟಿದ್ದಕ್ಕ ಕೆಲಸ ನಿಂತಿತೋ, ಕೆಲಸ ನಿಂತಿದ್ದಕ್ಕ ಪೇರಿಸಿಟ್ಟಾರೋ, ಅದ ಗೊತ್ತಿಲ್ಲ ಅಬ್ಬಾ."

"ಅಂದಾನಪ್ಪನ್ನ ಕೇಳು. ತಪ್ಪು ಯಾರದಂತ ಅವಗ ಯಾವಾಗ್ಲೂ ಗೊತ್ತಿರ್ತೈತಿ."

ಅವಳು ಜೋರಾಗಿ ನಕ್ಕಳು. ನಗುತ್ತಲೇ ಬಸಿ ಹಿಡಿದ ಅಪ್ಪನ ಕೈ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇರಬೇಕಾದ ಕಡೆ ಕುಳಿ ಬಿದ್ದಿತ್ತು. ಮುಂಗೈಯ ಚರ್ಮದ ಕೆಳಗೆ ಏನೋ ಪಟಪಟ ಮಿಸುಕಿ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ಮಿಸುಕಿತು.

ಇಂಥದ್ದನ್ನು ಅವಳು ಪುಸ್ತಕದಲ್ಲಿ ಓದಿದ್ದಳು, ಇಲಿಗಳಲ್ಲಿ ನೋಡಿದ್ದಳು. ಅಪ್ಪನ ಕೈಯಲ್ಲಿ ನೋಡಿದ್ದು ಅದೇ ಮೊದಲು. ನಗು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಇನ್ನೂ ಸ್ವಲ್ಪ ಹೊತ್ತು ನಕ್ಕಳು.

೩

(ಇಲ್ಲಿ ನಾನು ಬೆಟಗೇರಿಯ ಮಗ್ಗಗಳ ಸದ್ದಿನ ಬಗ್ಗೆ ಒಂದು ಪುಟ ಬರೆದಿದ್ದೆ. ಶೇಖಸಾಬ ಅದನ್ನು ಕಟ್ಟಲೇ ಇಲ್ಲ. "ಜಾಗ ಇಲ್ರಿ" ಎಂದ. ಜಾಗ ಇತ್ತು.)

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಶೇಖಸಾಬನ ಮೊಣಕಾಲಿಗೆ ಸುತ್ತಿಗೆ ಬಡಿದು, ನಾಲಿಗೆ ಚಾಚಿಸಿ, ರಕ್ತ ತೆಗೆಸಿ, ನಜಮಾಳನ್ನು ಹೊರಗೆ ಕರೆದರು. ಅಚ್ಚಿನ ಮೊಳೆ ಎಂದರೆ ಸೀಸ. ಮೂವತ್ತೊಂದು ವರ್ಷ ಸೀಸ ಮುಟ್ಟಿದ ಕೈ. ಸೀಸದ ವಿಷ ಏರಿದರೂ ಕೈ ಹೀಗೇ ಬೀಳುತ್ತದೆ. ಅದಾಗಿದ್ದರೆ ಪ್ರೆಸ್ಸು ಬಿಟ್ಟು ಔಷಧ ತೆಗೆದುಕೊಂಡರೆ ಮೆಲ್ಲಗೆ ವಾಪಸ್ಸು ಬರುತ್ತದೆ.

"ಅಲ್ಲದಿದ್ದರೆ?" ಎಂದಳು ನಜಮಾ.

"ಅಲ್ಲದಿದ್ದರೆ ಏನು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲಮ್ಮ."

ಆವತ್ತಿನಿಂದ ನಜಮಾಗೆ ಒಂದೇ ಆಸೆ: ಅಪ್ಪನ ಮೈಯಲ್ಲಿ ವಿಷ ಇರಲಿ. ಅಮೀನಬಿ ಸಕ್ಕರೆಯ ಹರಕೆ ಹೊತ್ತು ಲಕ್ಷ್ಮೇಶ್ವರದ ದರ್ಗಾಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಸಕ್ರಿ ಓದಸತೀನಿ, ಆತು. ಏನಂತ ಬೇಡಿಕೊಳ್ಳಿ? ನನ್ನ ಗಂಡನ ಮೈಯಾಗ ವಿಷ ತುಂಬಿರಲಿ ಅಂತನಾ?"

"ಹೂಂ ಅಮ್ಮಾ. ಹಂಗ ಬೇಡ್ಕೋ. ಭಾಳ ಇರಲಿ ಅನ್ನು."

"ಯಾ ಅಲ್ಲಾ! ಇಕಿನ್ನ ಓದಿಸಿದ್ದಕ್ಕ ಇದು ಬಂತು ನೋಡು."

ಆದರೂ ಹಾಗೇ ಬೇಡಿಕೊಂಡು ಬಂದಳು. ಬಂದವಳಿಗೆ ಮಗಳು ಇನ್ನೊಂದು ಮಾತು ಹೇಳಿದಳು. ನವೆಂಬರ್ ಏಳು, ಸೋಮವಾರ, ಎರಡನೆಯ ವರ್ಷದ ಫೆಲೋಶಿಪ್ಪಿಗೆ ಹಾಜರಾಗಬೇಕು. ಅಬ್ಬಾನದು ಸೀಸವಾದರೆ ಹೋಗುತ್ತೇನೆ. ಅಲ್ಲದಿದ್ದರೆ ಹೋಗುವುದಿಲ್ಲ, ಇಲ್ಲೇ ಇದ್ದು ನೋಡಿಕೊಳ್ಳುತ್ತೇನೆ. ಸಂಶೋಧನೆ ಯಾರಾದರೂ ಮಾಡುತ್ತಾರೆ.

ಪಕ್ಕದ ಕೋಣೆಯಲ್ಲಿ ಶೇಖಸಾಬ ಕಣ್ಣು ಮುಚ್ಚಿ ಮಲಗಿದ್ದ. ಕಣ್ಣು ಮಾತ್ರ ಮುಚ್ಚಿದ್ದ.

೪

ಈಗ ಬಿಳಿ ಕ್ಯಾನು. (ಇದನ್ನು ಕಥೆಯಲ್ಲಿ ಹಾಕಬೇಡಿ ಎಂದು ಅಮೀನಬಿ ಕೈ ಮುಗಿದು ಹೇಳಿದ್ದಾಳೆ. ಕ್ಷಮಿಸು ತಾಯಿ.)

ಮೈಯೊಳಗಿನ ಸೀಸ ಅಳೆಯಬೇಕಾದರೆ ಒಂದು ಇಡೀ ದಿನದ ಮೂತ್ರ ಬೇಕು. ನಜಮಾ ಲ್ಯಾಬಿನಿಂದ ಐದು ಲೀಟರಿನ ಕ್ಯಾನು ತಂದಿದ್ದಳು, ತಳದಲ್ಲಿ ಆಸಿಡ್ಡು ಹಾಕಿದ್ದು. ಶೇಖಸಾಬ ಅಂದಾನಪ್ಪನಿಗೆ ಒಂದು ದಿನದ ರಜಾಚೀಟಿ ಬರೆದುಕೊಟ್ಟ. ಕಾರಣ ಎನ್ನುವ ಕಡೆ 'ಮಗಳ ವಿದ್ಯಾಭ್ಯಾಸ' ಎಂದು ಬರೆದ.

ಮರುದಿನ ನಜಮಾ ಕ್ಯಾನನ್ನು ತೊಡೆಗೆ ಒತ್ತಿಕೊಂಡು ರೈಲಿನಲ್ಲಿ ಕೂತಳು. ಎದುರಿಗಿದ್ದ ಶಿರಹಟ್ಟಿಯ ಯಜಮಾನರು ಅಣ್ಣಿಗೇರಿ ದಾಟುವವರೆಗೆ ಅದನ್ನೇ ನೋಡಿದರು.

"ಶೇಂಗಾ ಎಣ್ಣಿ ಏನವಾ?"

"ಹೂಂ ರೀ."

"ಗಾಣದ್ದ?"

"ಹೂಂ ರೀ, ಮನೀದ."

"ಹಂಗ ಅನಿಸಿತು. ಜೋಪಾನ ತಂಗಿ, ಬೆಂಗಳೂರಾಗ ಇಂಥಾದ್ದು ಸಿಗಂಗಿಲ್ಲ."

ಅವಳು ತೋರಿಸಿದ ಗಂಭೀರ ಮುಖ ನಾನು ಬರೆದ ಯಾವ ಪಾತ್ರಕ್ಕೂ ಬಂದಿಲ್ಲ.

೫ (ಮೂರು ಸಲ ಬರೆದದ್ದು)

ಮೊದಲನೆಯ ಸಲ: ಸೀಸ ಸಿಗಲಿಲ್ಲ, ನಜಮಾ ಅತ್ತಳು. ಹರಿದು ಹಾಕಿದೆ.

ಎರಡನೆಯ ಸಲ: ಸೀಸ ಸಿಕ್ಕಿತು, ಎಲ್ಲರೂ ನಕ್ಕರು, ದರ್ಗಾಕ್ಕೆ ಸಕ್ಕರೆ ಹೋಯಿತು. ಶೇಖಸಾಬ ಇದನ್ನು ಓದಿ ಬಹಳ ಖುಷಿಪಟ್ಟ. "ಇದು ಚಲೋ ಐತ್ರಿ ಮಾಸ್ತರ್ರ. ಇಲ್ಲೇ ಮುಗಸ್ರಿ. ಮುಂದ ಬರದ್ರ ಕೆಡತೈತಿ."

ಯಾವ ಕಂಪೋಸಿಟರನೂ ಕಥೆ ಇಲ್ಲಿಗೇ ಮುಗಿಸಿ ಎಂದು ಇಷ್ಟು ಕಾಳಜಿಯಿಂದ ಹೇಳಿದ್ದಿಲ್ಲ. ನನಗೆ ಸಂಶಯ ಬರಬೇಕಿತ್ತು. ನಾನು ಹೊಗಳಿಕೆ ಎಂದುಕೊಂಡೆ.

ಮೂರನೆಯದು ನಾನು ಬರೆದದ್ದಲ್ಲ. ಅಕ್ಟೋಬರ್ ಕೊನೆಯ ವಾರ ನಜಮಾ ಬೆಂಗಳೂರಿನಿಂದ ಬಂದವಳು ಮನೆಗೆ ಹೋಗದೆ ನೇರ ಮುಂಡರಗಿ ಬಸ್ಸು ಹತ್ತಿ ನನ್ನ ಬಾಗಿಲಿಗೆ ಬಂದಳು. ಇನ್ನು ಮುಂದಿನದು ಅವಳು ಹೇಳಿದ್ದು.

ಲ್ಯಾಬಿನಲ್ಲಿ ಸೀಸ ಅಳೆಯುವ ಮನುಷ್ಯ ಚೀಟಿ ಕೊಡುವಾಗ ನಗುತ್ತಿದ್ದನಂತೆ. "ಮೇಡಂ, ಈ ಲೆಕ್ಕದ ಪ್ರಕಾರ ನಿಮ್ಮ ಪೇಷಂಟು ಬದುಕಿಲ್ಲ. ಇಷ್ಟು ಸೀಸ ಆನೆಯ ಮೈಯಲ್ಲೂ ಇರೋದಿಲ್ಲ."

ಅವಳು ಕ್ಯಾನು ತರಿಸಿದಳು. ಉಳಿದದ್ದನ್ನು ಚೆಲ್ಲಿ, ತೊಳೆದು, ಅಲ್ಲಾಡಿಸಿದಳು. ಒಳಗೆ ಟಣ್ ಎಂದು ಸದ್ದಾಯಿತು. ಬೋರಲು ಹಾಕಿದರೆ ಅಂಗೈ ಮೇಲೆ ಒಂದು ಅಚ್ಚಿನ ಮೊಳೆ ಬಿತ್ತು. ಆಸಿಡ್ಡಿಗೆ ಮೈಯೆಲ್ಲ ಸವೆದಿತ್ತು. ತಲೆಯ ಮೇಲಿನ ಅಕ್ಷರ ಅರ್ಧ ಉಳಿದಿತ್ತು.

"ಖರೆ ಹೇಳಬೇಕಂದ್ರ ಸರ್, ಮೊದಲು ನಗು ಬಂತು," ಎಂದಳು. "ಆಮ್ಯಾಲೆ ಅಲ್ಲೇ ಸಿಂಕಿನ ಮುಂದ ಕುಂತು ಅತ್ತೆ."

ಹುಬ್ಬಳ್ಳಿಯಲ್ಲಿ ತೆಗೆದ ರಕ್ತದ ಉತ್ತರವೂ ಬಂದಿತ್ತು. ಅದರಲ್ಲಿ ಸೀಸ ಇತ್ತು, ಪ್ರೆಸ್ಸಿನಲ್ಲಿ ದುಡಿದ ಯಾರ ರಕ್ತದಲ್ಲಿಯೂ ಇರುವಷ್ಟು. ಕೈ ಬೀಳಿಸುವಷ್ಟು ಅಲ್ಲ.

"ನಿಮ್ಮ ಅಬ್ಬಾಗ ಹೆಂಗ ಗೊತ್ತಾತು?" ಎಂದೆ. "ಸೀಸ ಅಲ್ಲಂತ ಮೊದಲ ಗೊತ್ತಿದ್ರ ಮಾತ್ರ ಕ್ಯಾನಿನ್ಯಾಗ ಮೊಳಿ ಹಾಕ್ತಾರ."

"ನಾನ ಹೇಳಿದ್ದೆ ಸರ್. ಯುಗಾದಿ ಅಂಕಕ್ಕ ಈ ಜಡ್ಡಿನ ಬಗ್ಗೆ ಕನ್ನಡದಾಗ ಲೇಖನ ಬರದಿದ್ನೆಲ್ಲ? ಅದನ್ನ ಅಬ್ಬಾನ ಕಟ್ಟಿದ್ರು."

ನನಗೆ ಲೇಖನ ನೆನಪಾಯಿತು. ಮೊದಲು ಹೆಬ್ಬೆರಳಿನ ಬುಡದ ಮಾಂಸ ಕರಗುತ್ತದೆ. ಚರ್ಮದ ಕೆಳಗೆ ಸ್ನಾಯು ಮಿಸುಕುತ್ತದೆ. ಮದ್ದಿಲ್ಲ. ಶೇಖಸಾಬ ಆ ಒಂದೊಂದು ಅಕ್ಷರವನ್ನೂ ಅದೇ ಹೆಬ್ಬೆರಳಿನಿಂದ ಎತ್ತಿ ಸಾಲಿನಲ್ಲಿ ನಿಲ್ಲಿಸಿದ್ದ. ಮಗಳಿಗಿಂತ ಆರು ತಿಂಗಳು ಮೊದಲೇ ಅವನಿಗೆ ಗೊತ್ತಿತ್ತು.

"ಅದರಾಗ 'ಮೂರರಿಂದ ಐದು ವರ್ಷ ಬದುಕುತ್ತಾರೆ' ಅಂತ ಒಂದು ಸಾಲಿತ್ತು," ಎಂದಳು ನಜಮಾ. "ಪ್ರೂಫ್ ಬಂದಾಗ 'ಮೂರರಿಂದ ಹದಿನೈದು' ಅಂತಿತ್ತು. ನಾ ಕೆಂಪು ಶಾಯಿಲೆ ಹೊಡದು, 'ಅಬ್ಬಾ, ನಿದ್ದಿಗಣ್ಣಾಗ ಕಟ್ಟೀರೇನು?' ಅಂತ ಬರದು ಕಳಿಸಿದ್ದೆ."

ನನ್ನ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು ಹೋದಳು.

"ಸರ್, ನನಗ ಗೊತ್ತಾಗೇತಿ ಅಂತ ಅಬ್ಬಾಗ ಗೊತ್ತಾಗಬಾರದು. ಸೀಸಾನ ಐತಿ ಅಂತ ಹೇಳತೀನಿ. ಇದನ್ನ ಮಾತ್ರ ಕಥ್ಯಾಗ ಬರೀಬ್ಯಾಡ್ರಿ."

ಇಲ್ಲ, ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

೬

ಬರೆದೆ. ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಲೇಖಕರ ಜಾತಿಯೇ ನಾಚಿಕೆಗೆಟ್ಟದ್ದು. ಆದರೆ ಬುದ್ಧಿವಂತಿಕೆ ಮಾಡಿದೆ: ಐದನೆಯ ಭಾಗವನ್ನು ಶೇಖಸಾಬನಿಗೆ ಕೊಡದೆ ಸದ್ದಿಲ್ಲದೆ ಹೇಮಪ್ಪನ ಕೈಗೆ ಕೊಟ್ಟೆ. ಅಚ್ಚಾದ ಮೇಲೆ? ಅಚ್ಚಾದ ಮೇಲೆ ನೋಡಿದರಾಯಿತು. ಇಂಥ ದೂರಾಲೋಚನೆಯಿಂದಲೇ ನನ್ನ ಕಥೆಗಳು ಇಷ್ಟು ವರ್ಷ ಸಾಗಿಬಂದಿವೆ.

ಒಂದೇ ಒಂದು ಶೋಕಿ ಮಾಡಿದ್ದೆ. ಕ್ಯಾನಿನಲ್ಲಿ ಸಿಕ್ಕ ಮೊಳೆ ಯಾವ ಅಕ್ಷರದ್ದು ಎನ್ನುವುದನ್ನು ಆ ಅಕ್ಷರವನ್ನೇ ಅಚ್ಚು ಹಾಕಿಸಿ ತೋರಿಸಬೇಕೆಂದು ಬರೆದಿದ್ದೆ. ಅದು ಹಳಗನ್ನಡದ 'ರಳ'. ಯಾವುದೋ ಕಾಲದಲ್ಲಿ ಹಳಗನ್ನಡ ಪುಸ್ತಕ ಛಾಪಿಸಲು ತರಿಸಿದ್ದರಲ್ಲಿ ಕೊನೆಗೆ ಉಳಿದಿದ್ದ ಒಂದೇ ಮೊಳೆ. ಅದನ್ನು ಬೇಕೆನ್ನುವವರು ಯಾರೂ ಇರಲಿಲ್ಲ.

ಮಧ್ಯಾಹ್ನ. ನಾನು ಪ್ರೆಸ್ಸಿನ ಬೆಂಚಿನ ಮೇಲೆ ಕೂತಿದ್ದೆ. ನಜಮಾ ಅಪ್ಪನಿಗೆ ರೊಟ್ಟಿಬುತ್ತಿ ತಂದಿದ್ದಳು. ಶೇಖಸಾಬ ಎಡಗೈಯಲ್ಲಿ ಮೊಳೆ ಹೆಕ್ಕುತ್ತಿದ್ದ. ಆಗ ಆ ಕಡೆ ಟೇಬಲ್ಲಿನಿಂದ ಹೇಮಪ್ಪ ಕೂಗಿದ:

"ಶೇಖಣ್ಣಾ, ಮಾಸ್ತರ್ರು ಹಳಗನ್ನಡದ ರಳ ಕೇಳ್ಯಾರ. ಖಾನೆದಾಗ ಒಂದಿತ್ತಲ್ಲ, ಎಲ್ಲಿ ಹೋತೋ?"

ಶೇಖಸಾಬನ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದ. ನಾನು ಛತ್ತು ನೋಡಿದೆ. ನಜಮಾ ನನ್ನನ್ನು ನೋಡಿದ ರೀತಿ ಮಾತ್ರ ಬೇಡ, ಯಾವ ಮಾಸ್ತರನಿಗೂ ವಿದ್ಯಾರ್ಥಿಯಿಂದ ಅದು ಬೇಡ.

ಆಮೇಲೆ ಅವಳು ಬುತ್ತಿ ಕೆಳಗಿಟ್ಟು, ಪರ್ಸು ತೆಗೆದು, ಕರವಸ್ತ್ರದ ಗಂಟು ಬಿಚ್ಚಿ, ಹೇಮಪ್ಪನ ಟೇಬಲ್ಲಿನ ಮೇಲೆ ಆ ಮೊಳೆ ಇಟ್ಟಳು. ಇಗೋ, ಇದು:

ೞ

ನಿಮ್ಮ ಪ್ರತಿಯಲ್ಲಿ ಅದು ಪೂರ್ತಿ ಮೂಡಿಲ್ಲದಿದ್ದರೆ ಕನ್ನಡಕ ಒರೆಸಬೇಡಿ. ಆಸಿಡ್ಡು ತಿಂದು ಉಳಿಸಿದ್ದು ಅಷ್ಟೇ. ಒಂದೇ ಮೊಳೆ ಇರುವುದರಿಂದ ಈ ಕಥೆಯಲ್ಲಿ ಅದು ಇನ್ನೊಂದು ಸಲ ಬರುವುದಿಲ್ಲ.

ಶೇಖಸಾಬ ಹೆಕ್ಕಿದ್ದ ಮೊಳೆಯನ್ನು ವಾಪಸ್ಸು ಖಾನೆಗೆ ಹಾಕಿದ.

"ಚಲೋ ಮೊಳಿ ಹಾಕಿದ್ದಿಲ್ಲ ಬೇಟಾ. ಯಾರೂ ಕೇಳದ್ದನ್ನ ಹಾಕಿದ್ದೆ. ಅಂದಾನಪ್ಪಗ ಲುಕ್ಸಾನ ಆಗಬಾರದಂತ."

"ಒಂದು ಚೂರು ಕೆರದು ಹಾಕಿದ್ರ ಸಾಕಿತ್ತು ಅಬ್ಬಾ," ಎಂದಳು ನಜಮಾ. "ನಾ ನಂಬತಿದ್ದೆ. ಅಲ್ಲಾನ ಆಣಿ, ನಂಬತಿದ್ದೆ."

"ನನಗೇನು ಗೊತ್ತು, ಎಷ್ಟು ಹಾಕಬೇಕಂತ? ನಾನೇನು ಪೋಸ್ಟ್ ಡಾಕ್ಟರಾ?"

ಅವಳು ನಕ್ಕಳು, ನಗುತ್ತಲೇ ಅಳು ಒತ್ತರಿಸಿ ಬಂತು, ಅಪ್ಪನ ತೋಳಿಗೆ ಮುಖ ಒತ್ತಿ ಎಲ್ಲರೆದುರಿಗೂ ಬಿಕ್ಕಿ ಬಿಕ್ಕಿ ಅತ್ತಳು. ಶೇಖಸಾಬ ಎಡಗೈಯಿಂದ ಅವಳ ತಲೆ ಸವರಿದ. ಅವನ ಕೈಗೆ ಮಸಿ ಹತ್ತಿತ್ತು. ಅವಳ ಹಣೆಗೂ ಹತ್ತಿತು.

"ನೀ ಹೋಗಲಿ ಅಂತ ಮಾಡಿದ್ದು. ಇಲ್ಲಿ ಕುಂತು ನನ್ನ ಕೈ ನೋಡಿದ್ರ ಏನು ಸಿಗತೈತಿ? ಅಲ್ಲಿ ಹೋಗಿ ಇಲಿ ನೋಡು."

"ಇಲಿ ಸಾಯ್ತಾವ ಅಬ್ಬಾ. ಮತ್ತ ಬ್ಯಾರೆ ತರಸತೀವಿ. ನೀವು ಇಲಿ ಅಲ್ಲ."

ಶೇಖಸಾಬ ಅವಳ ಹಣೆಯ ಮಸಿಯನ್ನು ಅಂಗಿಯ ತೋಳಿನಿಂದ ಒರೆಸಿದ. ಮಸಿ ಇನ್ನಷ್ಟು ಹರಡಿತು.

೭

ಅಂದಾನಪ್ಪ ಒಳಗಿನಿಂದ ಬಂದು, ದೀಪಾವಳಿ ನಾಲ್ಕನೆಯ ತಾರೀಖಿಗೆ ಇದೆ, ಕಥೆಯ ಕೊನೆ ಎಲ್ಲಿ ಎಂದು ಕೇಳಿದ. ಇಡೀ ಪ್ರೆಸ್ಸು ನನ್ನ ಕಡೆ ನೋಡಿತು. ಚೀಲದಲ್ಲಿ ಮೂರು ಕೊನೆ ಇಟ್ಟುಕೊಂಡಿದ್ದೆ. ಓದಿದೆ.

(ಅ) ನಜಮಾ ಸೋಮವಾರ ಹೋಗುತ್ತಾಳೆ.

(ಆ) ಹೋಗುವುದಿಲ್ಲ.

(ಇ) ಹೋಗುತ್ತಾಳೆ, ಎರಡು ವರ್ಷದಲ್ಲಿ ಕಾರಣ ಕಂಡುಹಿಡಿಯುತ್ತಾಳೆ, ಔಷಧದ ಶೀಶೆ ಹಿಡಿದುಕೊಂಡು ಬರುತ್ತಾಳೆ.

"ಸರ್, ಅದು ಎರಡು ವರ್ಷದಾಗ ಸಿಗೂವಂಥಾದ್ದಲ್ಲ," ಎಂದಳು ನಜಮಾ, ಮೂಗು ಒರೆಸಿಕೊಳ್ಳುತ್ತಾ. "ಇಪ್ಪತ್ತು ವರ್ಷದಾಗ ಸಿಕ್ಕರೂ ದೊಡ್ಡದು. ಸುಳ್ಳು ಬರೀಬ್ಯಾಡ್ರಿ."

"ಬರೀಲಿ ಬಿಡು," ಎಂದ ಶೇಖಸಾಬ. "ನಾ ಎಡಗೈಲೆ ಕಟ್ಟತೀನಿ."

"ಅಬ್ಬಾ!"

"ಹಂಗಾದ್ರ ಮೊದಲನೇದು ಕಟ್ಟತೀನಿ."

"ಎರಡನೇದು ಕಟ್ರಿ."

ಅಪ್ಪ ಮಗಳು ಒಬ್ಬರನ್ನೊಬ್ಬರು ದಿಟ್ಟಿಸಿದರು. ನನ್ನ ಪಾತ್ರಗಳು ನನ್ನನ್ನು ಪೂರ್ತಿ ಮರೆತಿದ್ದವು. ನಾನು ಮೂರೂ ಚೀಟಿಗಳನ್ನು ಜೇಬಿಗೆ ಹಾಕಿಕೊಂಡೆ.

"ಕೊನೆ ಬ್ಯಾಡ," ಎಂದೆ. "ಪುಟದಾಗ ಎಷ್ಟು ಜಾಗ ಉಳದೈತಿ?"

"ಆರು ಸಾಲು," ಎಂದ ಹೇಮಪ್ಪ.

"ಖಾಲಿ ಬಿಡ್ರಿ."

ಶೇಖಸಾಬನಿಗೆ ನಗು ಬಂತು. ಮೂವತ್ತೊಂದು ವರ್ಷದಲ್ಲಿ ನನ್ನಂಥ ಎಷ್ಟು ಮಂದಿ ಅವನ ಮುಂದೆ ಹೀಗೆ ಅಂದಿದ್ದರೋ. "ಮಾಸ್ತರ್ರ, ಖಾಲಿ ಅಂದ್ರ ಸುಮ್ಮ ಬಿಡಾಕ ಬರಂಗಿಲ್ರಿ. ಬಿಟ್ರ ಮ್ಯಾಲಿನ ಸಾಲೆಲ್ಲಾ ಜಾರಿ ಬೀಳ್ತಾವ. ಖಾಲಿ ಜಾಗಕ್ಕೂ ಮೊಳಿ ತುಂಬಬೇಕು, ಅಕ್ಷರ ಇಲ್ಲದ್ದು."

ಅವನು ಸ್ಟೂಲಿನಿಂದ ಇಳಿದು ಮಗಳಿಗೆ ಜಾಗ ಬಿಟ್ಟ.

"ಬಾ, ಕುಂಡ್ರು. ಬಲಗಡೆ ಕಡೀ ಖಾನೆ. ಅಕ್ಷರ ಇಲ್ಲ, ಅದಕ್ಕ ತಪ್ಪಾಗೂ ಭೀತಿ ಇಲ್ಲ. ತುಂಬಕೋತ ಬಾ."

ನಜಮಾ ಕೂತಳು. ಮೈಕ್ರೋಸ್ಕೋಪಿಗೆ ಪಳಗಿದ ಬೆರಳುಗಳು ಇಲ್ಲಿ ಒರಟಾಗಿ ತಡವರಿಸಿದವು. ಒಂದು ಮೊಳೆ ಕೆಳಗೆ ಬಿತ್ತು. ಇನ್ನೊಂದು ಓರೆಯಾಯಿತು. ಒಂದು ಸಾಲು ಮುಗಿಸಲು ಹೇಮಪ್ಪ ಅರ್ಧ ಪುಟ ಕಟ್ಟುವಷ್ಟು ಹೊತ್ತು ಹಿಡಿಯಿತು. ಅವಳು ಸೋಮವಾರ ಹೋದಳೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ನಾನು ಈ ಬೆಂಚಿನ ಮೇಲೆ ಕೂತು ಬರೆಯುತ್ತಿರುವಾಗ ಸೋಮವಾರ ಇನ್ನೂ ಬಂದಿಲ್ಲ. ಶೇಖಸಾಬ ಬಗ್ಗಿ, ಕುಳಿ ಬಿದ್ದ ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಹಿಡಿದು ತಂದು, ಅವಳು ಕಟ್ಟಿದ ಖಾಲಿ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಎಳೆದ.

"ಸಡ್ಲ ಐತಿ," ಎಂದ. "ಇನ್ನೊಂದು ಹಾಕು."